ಕಲ್ಯಾಣದ ಮುತ್ತಿಗೆಗೊಂದು ಬಿಲ್ಟಿ ಪುಸ್ತಕ

1657ರಲ್ಲಿ ಮೊಘಲ ರಾಜಕುಮಾರ ಔರಂಗಜೇಬ ನಮ್ಮ ಭಾಗದ ಎರಡು ಕೋಟೆಗಳನ್ನು ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಕಿತ್ತುಕೊಂಡ. ಬೀದರ್ 27 ದಿನಕ್ಕೆ ಬಿತ್ತು. ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಮೇ ಮೊದಲ ವಾರದಿಂದ ಆಗಸ್ಟ್ 1ರವರೆಗೆ ತಡೆದು ನಿಂತಿತು. ಇದು ತುಸು ವಿಚಿತ್ರ. ಬೀದರಿನದು ಬಹಮನಿ ಸುಲ್ತಾನರ ರಾಜಧಾನಿಯ ಕೋಟೆ. ಬಂಡೆ ಕಡಿದು ಮಾಡಿದ ಕಂದಕ, ಬುರುಜುಗಳ ಸಾಲು, ಒಳಗೆ ನೂರಾರು ಫಿರಂಗಿ. ಅದರ ಮುಂದೆ ಕಲ್ಯಾಣದ ಕೋಟೆ ಚಿಕ್ಕದು. ಆದರೂ ಮೂರು ಪಟ್ಟು ಹೆಚ್ಚು ದಿನ ತಿಂದಿತು.

ಒಳಗಿದ್ದ ದಿಲಾವರ್ ಎಂಬ ಹಬಶಿ ಸರದಾರನ ಗಟ್ಟಿತನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಗೋಡೆಯ ಹೊರಗಿತ್ತು. ಬಿಜಾಪುರದ ಕುದುರೆ ದಂಡು ಸುತ್ತಮುತ್ತ ಓಡಾಡಿಕೊಂಡು ಮೊಘಲರ ಕಾಳು, ಮೇವು, ಟಪಾಲು ಮೂರಕ್ಕೂ ಕೈ ಹಾಕುತ್ತಿತ್ತು. ಮುತ್ತಿಗೆ ಹಾಕಿದವನೇ ಅರ್ಧ ಮುತ್ತಿಗೆಯಲ್ಲಿದ್ದ. ಮೇಲೆ ಮೇ ತಿಂಗಳ ಬಿಸಿಲು, ಅದರ ಹಿಂದೆಯೇ ಮಳೆಗಾಲ.

ಆ ಮೂರು ತಿಂಗಳ ತೊಡಕುಗಳನ್ನು ಎರಡು ರಾಶಿ ಹಾಕಬಹುದು. ದೂರ, ತೂಕ, ಮಳೆ, ಲೆಕ್ಕದ ಗೋಜಲು ಇವು ಒಂದು ರಾಶಿ. ಎದುರಾಳಿ ಬೇಕೆಂದೇ ಒಡ್ಡಿದ ಅಡ್ಡಿಗಳು ಇನ್ನೊಂದು. ಇವತ್ತು ಹುಮನಾಬಾದಿನ ದಾಲ್‌ಮಿಲ್ಲಿನಲ್ಲಿ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ ದಿನನಿತ್ಯ ಬಳಕೆಯಲ್ಲಿರುವ ವ್ಯಾಪಾರದ ತಂತ್ರಜ್ಞಾನ ಮೊದಲನೆಯ ರಾಶಿಗೆ ಹೇಳಿ ಮಾಡಿಸಿದಂಥದು. ಎರಡನೆಯದಕ್ಕೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಯಾವ ಉಪಕರಣ ಎಲ್ಲಿಯವರೆಗೆ ಕೆಲಸ ಕೊಡುತ್ತಿತ್ತು ಎಂಬುದನ್ನು ಕಲ್ಯಾಣದ ಲೆಕ್ಕವನ್ನೇ ಹಿಡಿದು ನೋಡೋಣ.

ಅಂದಹಾಗೆ, ಮುತ್ತಿಗೆಯ ಕಂದಕದ ಕೆಲಸ ನೋಡಿಕೊಂಡವನು ಮೀರ್ ಜುಮ್ಲಾ. ಇರಾನಿನಿಂದ ಬಂದು, ಗೋಲ್ಕೊಂಡದ ವಜ್ರದ ವ್ಯಾಪಾರದಲ್ಲಿ ಬೆಳೆದು, ಸ್ವಂತ ಹಡಗು ಓಡಿಸಿದ ವರ್ತಕ. ಆಮೇಲೆ ವಜೀರ, ಸೇನಾನಿ. ಈ ಲೇಖನದ ಹುಚ್ಚು ಕಲ್ಪನೆಯನ್ನು ಅವನ ಮುಂದೆ ಇಟ್ಟಿದ್ದರೆ ನಗುತ್ತಿರಲಿಲ್ಲ, ದರ ಕೇಳುತ್ತಿದ್ದ.

ಕುದುರೆಯ ಹೊಟ್ಟೆಯ ಲೆಕ್ಕ

ಮುತ್ತಿಗೆಗೆ ಮೊದಲು ದಾರಿ ಬಿಡಿಸಲೆಂದು ಔರಂಗಜೇಬ ಮಹಾಬತ್ ಖಾನನ ಕೈಕೆಳಗೆ 15,000 ಸವಾರರನ್ನು ಕಲ್ಯಾಣ, ಕಲಬುರಗಿ ಕಡೆಗೆ ಕಳಿಸಿದ. ಆ ಒಂದು ಸಂಖ್ಯೆಯನ್ನೇ ಹಿಡಿಯೋಣ. ಆನೆ, ಒಂಟೆ, ಫಿರಂಗಿ ಎಳೆಯುವ ಎತ್ತು, ಬಜಾರಿನ ಜನ ಎಲ್ಲರನ್ನೂ ಸದ್ಯ ಬಿಡೋಣ.

ಕೆಲಸ ಮಾಡುವ ಕುದುರೆಗೆ ದಿನಕ್ಕೆ 3 ಕಿಲೋ ಕಾಳು, 10 ಕಿಲೋ ಒಣ ಮೇವು ಬೇಕು ಎಂದಿಟ್ಟುಕೊಳ್ಳಿ. 15,000 ಕುದುರೆಗೆ ದಿನಕ್ಕೆ 45 ಟನ್ ಕಾಳು, 150 ಟನ್ ಮೇವು. ಆಗಿನ ಸಾಗಾಣಿಕೆಯ ಮುಖ್ಯ ಸಾಧನ ಬಂಜಾರರ ಹೇರೆತ್ತು. ಒಂದು ಎತ್ತು ಬೆನ್ನಿನ ಎರಡೂ ಬದಿ ಗೋಣಿ ಇಳಿಬಿಟ್ಟುಕೊಂಡು ಸುಮಾರು 120 ಕಿಲೋ ಹೊತ್ತೀತು. ಹಾಗಾದರೆ ಕಾಳಿಗೆ ದಿನಕ್ಕೆ 375 ಎತ್ತು ಬಂದು ಇಳಿಯಬೇಕು. ಬೀದರಿನಿಂದ ಕಲ್ಯಾಣಕ್ಕೆ ದಂಡು ಒಂದು ವಾರದಲ್ಲಿ ಬಂದಿತ್ತು. ಹೇರೆತ್ತು ಅದಕ್ಕಿಂತ ಬೇಗ ಬರಲಾರದು. ಹೋಗಲು ಏಳು ದಿನ, ಬರಲು ಏಳು ದಿನ. ನಿತ್ಯ 375 ಎತ್ತು ಇಳಿಯಬೇಕಾದರೆ ದಾರಿಯ ಮೇಲೆ ಯಾವಾಗಲೂ 5,250 ಎತ್ತು ಇರಬೇಕಾಯಿತು.

ಮೇವಿನದು ಇನ್ನೂ ಕಷ್ಟ. 150 ಟನ್ ಮೇವಿಗೆ ದಿನಕ್ಕೆ 1,250 ಎತ್ತು, ಹದಿನಾಲ್ಕು ದಿನದ ಸರದಿಗೆ 17,500. ಅವೂ ತಿನ್ನಬೇಕಲ್ಲ! ಮೇ ತಿಂಗಳಲ್ಲಿ ಬೀದರ್ ಸೀಮೆಯ ದಾರಿ ಪಕ್ಕ ಹುಲ್ಲೆಲ್ಲಿಂದ ಬರಬೇಕು? ಅದಕ್ಕೇ ಯಾವ ದಂಡೂ ಮೇವನ್ನು ದೂರದಿಂದ ಹೊರಿಸುತ್ತಿರಲಿಲ್ಲ. ಸುತ್ತಲ ಊರುಗಳ ಬಣವೆಗೆ ಕೈ ಹಾಕುತ್ತಿತ್ತು. ಹತ್ತಿರದ ಕಣಿಕೆ ತೀರಿದ ಹಾಗೆ ತುಕಡಿಗಳು ಇನ್ನಷ್ಟು ದೂರ ಹೋಗಬೇಕು, ದೂರ ಹೋದಷ್ಟೂ ಶತ್ರುವಿನ ಬಾಯಿಗೆ ಹತ್ತಿರ. ಮಹಾಬತ್ ಖಾನನಿಗೆ ಆದದ್ದು ಅದೇ. ಸಾಮಗ್ರಿ ತರಲು ಹೋದವನನ್ನು ಶಿಬಿರದಿಂದ ಹತ್ತು ಮೈಲಿಯ ಆಸುಪಾಸಿನಲ್ಲಿ ಬಿಜಾಪುರದ ದಂಡು ಸುತ್ತುಗಟ್ಟಿತು. ಜೊತೆಗಿದ್ದ ರಜಪೂತ ತುಕಡಿಗಳು ಚೆನ್ನಾಗಿ ಏಟು ತಿಂದವು.

ಆ ಕಾಲದ ಸಾಗಾಣಿಕೆ ಕಚ್ಚಾ ವ್ಯವಸ್ಥೆ ಎಂದು ತಿಳಿದರೆ ತಪ್ಪು. ಬಂಜಾರರ ತಾಂಡಾ ತನ್ನಷ್ಟಕ್ಕೇ ಒಂದು ಪೂರ್ಣ ಕಂಪನಿ. 1632ರ ಹೊತ್ತಿಗೆ ಉತ್ತರ ಹಿಂದೂಸ್ತಾನದಲ್ಲಿ ತಿರುಗಿದ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ 14,000 ಎತ್ತುಗಳ ಒಂದು ತಾಂಡಾ ಕಂಡದ್ದನ್ನು ಬರೆದಿದ್ದಾನೆ. ದಿನಕ್ಕೆ ಆರೇಳು ಮೈಲಿ ಅದರ ನಡಿಗೆ. ಗೋಲ್ಕೊಂಡಕ್ಕೆ ವಜ್ರ ಕೊಳ್ಳಲು ಬರುತ್ತಿದ್ದ ತಾವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತಿನ ಸಾಲು ದಾಟಿ ಹೋಗಲೆಂದು ಎರಡು ಮೂರು ದಿನ ಕಾಯಬೇಕಾಗುತ್ತಿತ್ತು ಎನ್ನುತ್ತಾನೆ. ಮಂಡಿ ಕಂಡ ತಾಂಡಾವನ್ನೇ ನಮ್ಮ 120 ಕಿಲೋ ಲೆಕ್ಕಕ್ಕೆ ಹಾಕಿದರೆ 1,680 ಟನ್. ಇವತ್ತಿನ ಹನ್ನೆರಡು ಚಕ್ರದ ಲಾರಿಗೆ ಇಪ್ಪತ್ತು ಟನ್ ಹಿಡಿದರೆ 84 ಲಾರಿ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿಯಲ್ಲಿ ಒಂದು ಸಂಜೆ ನಿಂತರೆ ಅಷ್ಟು ಲಾರಿ ಕಣ್ಣ ಮುಂದೆ ಹಾದುಹೋಗುತ್ತವೆ.

ತಾಂಡಾದವರು ಯಾವ ಪಕ್ಷಕ್ಕೂ ಸೇರಿದವರಲ್ಲ. ದುಡ್ಡು ಕೊಟ್ಟವರಿಗೆ ಕಾಳು, ಉಪ್ಪು. ಇಂದು ದೊಡ್ಡ ಕಂಪನಿಗಳು ಸಾಗಾಣಿಕೆಯನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟು ತಾವು ಕೈ ತೊಳೆದುಕೊಳ್ಳುತ್ತವಲ್ಲ, ದಖನ್ನಿನ ದಂಡುಗಳು ಅದನ್ನು ಶತಮಾನಗಳ ಹಿಂದೆಯೇ ಮಾಡಿದ್ದವು. ಎತ್ತಿಗೆ, ಕಾಳಿಗೆ, ಸಾಗಿಸುವವರಿಗೆ ಬರವಿರಲಿಲ್ಲ. ಬರವಿದ್ದದ್ದು ಸುದ್ದಿಗೆ: ಎಲ್ಲಿ ಎಷ್ಟಿದೆ, ಹೊರಟದ್ದು ಎಲ್ಲಿದೆ, ಯಾವಾಗ ತಲುಪುತ್ತದೆ?

ಯಾವಾಗ ತರಿಸಬೇಕು?

ಅಂಗಡಿಯವನಿಗೆ ಬರುವ ಮೊದಲ ಪ್ರಶ್ನೆಯೂ ಇದೇ. ಸಕ್ಕರೆ ಪೂರಾ ಖಾಲಿಯಾದ ಮೇಲೆ ಆರ್ಡರ್ ಕೊಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೆದರಿ ವರ್ಷಕ್ಕಾಗುವಷ್ಟು ತುಂಬಿಕೊಂಡರೆ ಬಂಡವಾಳ ಗೋದಾಮಿನಲ್ಲಿ ಸಿಕ್ಕಿಬೀಳುತ್ತದೆ, ಇರುವೆ, ಇಲಿ ಬೇರೆ. ದಾಸ್ತಾನು ನೋಡಿಕೊಳ್ಳುವ ಈಗಿನ ಸಾಫ್ಟ್‌ವೇರ್‌ಗಳೆಲ್ಲ, ಟ್ಯಾಲಿ ಇರಲಿ, ದೊಡ್ಡ ಕಾರ್ಖಾನೆಗಳ ಇಆರ್‌ಪಿ ಇರಲಿ, ಒಳಗೆ ಒಂದು ಸಣ್ಣ ಗುಣಾಕಾರವನ್ನೇ ಮಾಡುತ್ತವೆ: ನಿತ್ಯದ ಖರ್ಚನ್ನು ಮಾಲು ಬರಲು ಹಿಡಿಯುವ ದಿನಗಳಿಂದ ಗುಣಿಸಿ, ಅದಕ್ಕೆ ಆಪತ್ತಿಗೆಂದು ಒಂದಿಷ್ಟು ಸೇರಿಸು. ದಾಸ್ತಾನು ಆ ಮಟ್ಟಕ್ಕೆ ಇಳಿದ ಗಳಿಗೆಯಲ್ಲಿ ಆರ್ಡರ್ ಹೋಗಬೇಕು.

ಕಲ್ಯಾಣದ ಶಿಬಿರಕ್ಕೆ ಇದನ್ನು ಹಾಕಿ ನೋಡಿ. ನಿತ್ಯದ ಕಾಳು 45 ಟನ್. ಹರಿಕಾರ ಬೀದರಿಗೆ ಚೀಟಿ ಒಯ್ಯಲು ಒಂದು ದಿನ. ಅಲ್ಲಿ ಯಾವ ಕಣಜದಲ್ಲಿ ಎಷ್ಟಿದೆ ಎಂದು ಹುಡುಕಿ, ತೂಗಿ, ಗೋಣಿ ತುಂಬಿ ಹೊರಡಿಸಲು ಎರಡು ದಿನ. ನಡಿಗೆ ಏಳು ದಿನ. ಒಟ್ಟು ಹತ್ತು ದಿನ, 450 ಟನ್. ದಾರಿಯಲ್ಲಿ ಬಿಜಾಪುರದವರು ತಡೆದರೆ, ಹಳ್ಳ ಬಂದರೆ ಎಂದು ನಾಲ್ಕು ದಿನದ ಆಪತ್ತಿನ ದಾಸ್ತಾನು, 180 ಟನ್. ಶಿಬಿರದಲ್ಲಿ 630 ಟನ್ ಇರುವಾಗಲೇ ಮುಂದಿನ ಆರ್ಡರ್ ಹೋಗಬೇಕು.

ಎತ್ತು ಎತ್ತೇ ಆಗಿರಲಿ. ಲಾರಿ ಕೊಡಬೇಡಿ, ಬರೀ ಸುದ್ದಿಯನ್ನು ಚುರುಕು ಮಾಡಿ. ಚೀಟಿಯ ಬದಲು ಫೋನ್: ಒಂದು ದಿನ ಉಳಿಯಿತು. ಬೀದರಿನ ಗೋದಾಮಿನ ದಾಸ್ತಾನು ಶಿಬಿರದಲ್ಲೇ ಪರದೆಯ ಮೇಲೆ ಕಾಣುತ್ತದೆ, ಮಾಲು ತೂಗಿ ಗೋಣಿ ಹೊಲಿದು ಸಿದ್ಧವಿದೆ: ಇನ್ನೆರಡು ದಿನ ಉಳಿಯಿತು. ಏಳು ದಿನಕ್ಕೆ 315 ಟನ್. ಎತ್ತಿನ ಸಾಲು ಎಲ್ಲಿದೆ ಎಂಬುದು ಗೊತ್ತಿರುವುದರಿಂದ ಅನುಮಾನದ ಪಾಲು ಕಡಿಮೆ, ಆಪತ್ತಿಗೆ ಎರಡು ದಿನದ್ದು ಸಾಕು, 90 ಟನ್. ಒಟ್ಟು 405. ಒಂದು ಎತ್ತೂ ವೇಗವಾಗಿ ನಡೆಯಲಿಲ್ಲ, ಆದರೂ 225 ಟನ್ ಕಾಳನ್ನು, ಅಂದರೆ 1,875 ಎತ್ತಿನ ಹೊರೆಯನ್ನು, ಮಳೆಗಾಲದ ಬಯಲಿನಲ್ಲಿ ಕೂಡಿಟ್ಟು ಕಾಯುವ ಕೆಲಸ ತಪ್ಪಿತು. ನೆನೆದ ಕಾಳು ಮೊಳಕೆಯೊಡೆದರೆ ಕುದುರೆಯ ಹೊಟ್ಟೆ ಕೆಡುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಉಳಿತಾಯದ ಬೆಲೆ ತಿಳಿದೀತು. ವ್ಯಾಪಾರದ ತಂತ್ರಜ್ಞಾನ ಮಾಡುವ ಅತಿ ದೊಡ್ಡ ಉಪಕಾರ ಇದು. ಹೆಚ್ಚಿನ ಕಡೆ ಅದು ದಾಸ್ತಾನಿನ ಜಾಗದಲ್ಲಿ ಮಾಹಿತಿಯನ್ನು ಇಡುತ್ತದೆ.

ಇನ್ನೊಂದು ಮಾತು. ಮೊಘಲರ ಕೈಯಲ್ಲಿ ಬೀದರ್ ಒಂದೇ ಇರಲಿಲ್ಲ. ಉದಗೀರ, ಔಸಾ ಕೋಟೆಗಳು 1636ರಲ್ಲೇ ಅವರ ವಶವಾಗಿದ್ದವು. ಮೂರು ಕಡೆ ಗೋದಾಮು, ಹಲವು ಕಡೆ ತುಕಡಿ. ಯಾವ ಗೋದಾಮಿನಿಂದ ಯಾವ ತುಕಡಿಗೆ ಎಷ್ಟು ಕಳಿಸಿದರೆ ಒಟ್ಟು ಖರ್ಚು ಕಡಿಮೆ? ಇಂದು ಸಿಮೆಂಟ್ ಕಂಪನಿ, ಹಾಲಿನ ಒಕ್ಕೂಟ ನಿತ್ಯ ಬಿಡಿಸುವ ಸಮಸ್ಯೆ ಇದು. ಇದನ್ನು ಬಿಡಿಸುವ ಸುಪ್ರಸಿದ್ಧ ಗಣಿತ ವಿಧಾನವನ್ನು ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ್ದು ಯಾವ ಕಂಪನಿಗಾಗಿಯೂ ಅಲ್ಲ, ಅಮೆರಿಕದ ವಾಯುಪಡೆಯ ಯೋಜನೆ ಹಾಕುವ ಕೆಲಸದಲ್ಲಿ. ಜಿಪಿಎಸ್ ಕೂಡ ಸೈನ್ಯದ ಕೂಸು. ವ್ಯಾಪಾರದ ತಂತ್ರಜ್ಞಾನ ಯುದ್ಧಕ್ಕೆ ಹೇಗೆ ಒದಗುತ್ತಿತ್ತು ಎಂದು ಕೇಳುವಾಗ ಯುದ್ಧ ಕೊಟ್ಟ ಸಾಲವನ್ನೇ ಅದಕ್ಕೆ ತಿರುಗಿ ಕೊಡುತ್ತಿದ್ದೇವೆ.

‘ಗಾಡಿ ಎಲ್ಲಿಗೆ ಬಂತು?’

ಹುಮನಾಬಾದಿನ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅರ್ಧ ತಾಸು ಕೂತರೆ ಈ ಪ್ರಶ್ನೆ ನಾಲ್ಕು ಸಲ ಕಿವಿಗೆ ಬೀಳುತ್ತದೆ. ಮೇಜಿನ ಮೇಲೆ ಬಿಲ್ಟಿ ಪುಸ್ತಕ, ಕಾರ್ಬನ್ ಕಾಗದ, ಬಣ್ಣ ಬಣ್ಣದ ಪ್ರತಿಗಳು. ಒಂದು ಮಾಲು ಕೊಟ್ಟವನಿಗೆ, ಒಂದು ಡ್ರೈವರನ ಜೇಬಿಗೆ, ಒಂದು ಪುಸ್ತಕದಲ್ಲೇ. ಪಕ್ಕದಲ್ಲಿ ಮೊಬೈಲು, ಅದರಲ್ಲಿ ನಕ್ಷೆ, ನಕ್ಷೆಯ ಮೇಲೆ ತೆವಳುವ ಹಸಿರು ಚುಕ್ಕೆ.

“ಎಲ್ಲಿ ಅದೀಪಾ?”

“ಝಹೀರಾಬಾದ್ ದಾಟೀನ್ರಿ ಸಾವ್ಕಾರ್ರೆ, ಊಟಕ್ಕ ನಿಂತೀನಿ.”

“ಮ್ಯಾಪಿನ್ಯಾಗ ಸದಾಶಿವಪೇಟ ತೋರಸ್ಲಿಕತ್ತದಲ್ಲೋ!”

ಆ ಚುಕ್ಕೆ ಕೆಲಸ ಮಾಡುವ ಬಗೆ ಹೀಗೆ. ಲಾರಿಯ ಕ್ಯಾಬಿನ್ನಿನಲ್ಲಿ ಅಂಗೈಯಗಲದ ಪೆಟ್ಟಿಗೆ. ಸುಮಾರು 20,000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಅದಕ್ಕೆ ಸಿಗಬೇಕು. ಪ್ರತಿ ಸಂಕೇತ ಹೊರಟ ಸಮಯ, ತಲುಪಿದ ಸಮಯಗಳ ಅಂತರದಿಂದ ದೂರ ತಿಳಿಯುತ್ತದೆ, ನಾಲ್ಕು ದೂರಗಳಿಂದ ತಾನಿರುವ ಜಾಗ ತಿಳಿಯುತ್ತದೆ. ಉಪಗ್ರಹಕ್ಕೆ ಲಾರಿ ಎಲ್ಲಿದೆ ಎಂಬುದು ಗೊತ್ತೇ ಇರುವುದಿಲ್ಲ. ಜಾಗ ಕಂಡುಕೊಂಡ ಪೆಟ್ಟಿಗೆ ತನ್ನೊಳಗಿನ ಸಿಮ್ ಮೂಲಕ ಅದನ್ನು ಕಂಪನಿಯ ಸರ್ವರಿಗೆ ಕಳಿಸುತ್ತದೆ. ನಕ್ಷೆಯ ಮೇಲೆ ಮೊದಲೇ ಒಂದು ಬೇಲಿ ಎಳೆದಿಟ್ಟಿದ್ದರೆ, ಗಾಡಿ ಅದನ್ನು ದಾಟಿದ ಕೂಡಲೇ, ಇಲ್ಲವೇ ನಿಲ್ಲಬಾರದ ಕಡೆ ನಿಂತ ಕೂಡಲೇ ಮಾಲೀಕನ ಫೋನು ಗುಂಯ್‌ಗುಡುತ್ತದೆ.

ಇದರ ಮೇಲೆ ಕಾಗದದ ಪದರ. 50,000 ರೂಪಾಯಿಗೆ ಮೇಲ್ಪಟ್ಟ ಮಾಲಿಗೆ ಈ-ವೇ ಬಿಲ್ ಬೇಕು. ಮಾಲಿನ ವಿವರ ಒಂದು ಭಾಗ, ಗಾಡಿಯ ನಂಬರು ಇನ್ನೊಂದು ಭಾಗ. ರಾಜ್ಯದೊಳಗಿನ ಸಾಗಾಣಿಕೆಗೆ ಇದನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ, 2018ರ ಏಪ್ರಿಲ್ 1ರಂದು. ಸಾಮಾನ್ಯ ಮಾಲಿಗೆ 200 ಕಿ.ಮೀ.ಗೆ ಒಂದು ದಿನ ಅವಧಿ. ಟೋಲಿನಲ್ಲಿ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ತಾನೇ ದುಡ್ಡು ಕೊಟ್ಟು, ಗಾಡಿ ಇಷ್ಟು ಗಂಟೆಗೆ ಇಲ್ಲಿ ದಾಟಿತು ಎಂದು ಸಾಕ್ಷಿಯನ್ನೂ ಬರೆದಿಡುತ್ತದೆ.

ಮಹಾಬತ್ ಖಾನನ ಸಾಲಿನ ಮುಂದೆ ಒಂದು, ಹಿಂದೆ ಒಂದು ಇಂಥ ಪೆಟ್ಟಿಗೆ ಇದ್ದಿದ್ದರೆ? ನಡಿಗೆ ನಿಂತ ಕೆಲವೇ ನಿಮಿಷಕ್ಕೆ ಶಿಬಿರಕ್ಕೆ ತಿಳಿಯುತ್ತಿತ್ತು. ಹತ್ತು ಮೈಲಿ ಕುದುರೆಗೆ ಎರಡು ತಾಸಿನ ದಾರಿ. ನೆರವಿನ ದಂಡು ಬೇಗ ಹೊರಡುತ್ತಿತ್ತು. ದಾಳಿ ತಪ್ಪುತ್ತಿರಲಿಲ್ಲ, ನಷ್ಟ ತಗ್ಗುತ್ತಿತ್ತು.

ಸುದ್ದಿ ಇಲ್ಲದ್ದರಿಂದ ಆದ ಹಾನಿಗೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ 1791ರದು. ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲಿಗೆ ಬಂದು, ಅರಕೆರೆಯಲ್ಲಿ ಟಿಪ್ಪುವಿನ ದಂಡನ್ನು ಹಿಂದಕ್ಕೆ ಅಟ್ಟಿ, ಆಮೇಲೆ ತಾನೇ ಹಿಂದಿರುಗಬೇಕಾಯಿತು. ಎತ್ತುಗಳು ಮೇವಿಲ್ಲದೆ, ರೋಗದಿಂದ ಸತ್ತಿದ್ದವು. ದಂಡಿಗೆ ಅನ್ನವಿರಲಿಲ್ಲ. ಎಳೆಯಲು ಎತ್ತಿಲ್ಲದ ಭಾರಿ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹೊರಟ. ಹೊರಟ ದಿನವೇ ದಾರಿಯಲ್ಲಿ ಕುದುರೆ ಸವಾರರು ಎದುರಾದರು. ಶತ್ರುವೆಂದುಕೊಂಡರೆ ಅವರು ಮಿತ್ರರು. ಹರಿಪಂತ ಮತ್ತು ಪರಶುರಾಮ ಭಾವೂ ಕರೆತಂದ ಮರಾಠಾ ದಂಡು, ಜೊತೆಗೆ ಕಾಳು ತುಂಬಿದ ಬಜಾರು. ಅವರು ಬರುತ್ತಿದ್ದಾರೆಂಬ ಕಾಗದಗಳನ್ನು ಟಿಪ್ಪುವಿನ ಸವಾರರು ದಾರಿಯಲ್ಲೇ ಹಿಡಿದಿದ್ದರು. ಸುದ್ದಿ ಕೆಲವು ದಿನ ಮೊದಲು ಸಿಕ್ಕಿದ್ದರೆ ಆ ಫಿರಂಗಿಗಳನ್ನು ಒಡೆಯುವ ಅಗತ್ಯವಿರಲಿಲ್ಲ. ಮುಂದಿನ ವರ್ಷ ಕಾರ್ನ್‌ವಾಲಿಸ್ ಬಂದದ್ದು ಬಂಜಾರರ ಸಾವಿರಾರು ಎತ್ತುಗಳನ್ನು ಬೆನ್ನಿಗಿಟ್ಟುಕೊಂಡು. ಆಗ ಫಲಿತಾಂಶ ಬೇರೆಯಾಯಿತು.

ಕಾಗದದ ಮೇಲಿನ ಕುದುರೆ

ಮೇಲೆ 15,000 ಸವಾರರೆಂದು ಲೆಕ್ಕ ಹಾಕಿದೆವು. ನಿಜಕ್ಕೂ ಅಷ್ಟಿದ್ದರೇ? ಮೊಘಲರಿಗೇ ಈ ಅನುಮಾನವಿತ್ತು. ಮನ್ಸಬ್‌ದಾರನಿಗೆ ಇಷ್ಟು ಸವಾರರೆಂದು ಹಣ, ಜಾಗೀರು ಸಿಗುತ್ತಿತ್ತು. ಅವನು ಅದಕ್ಕಿಂತ ಕಡಿಮೆ ಸಾಕಿ ಉಳಿದದ್ದನ್ನು ನುಂಗುತ್ತಿದ್ದ. ತಪಾಸಣೆಯ ದಿನ ಪಕ್ಕದವನ ಕುದುರೆ ಎರವಲು ತಂದು ನಿಲ್ಲಿಸುವುದು ಹಳೆಯ ಚಾಳಿ. ಅದಕ್ಕಾಗಿ ಕುದುರೆಗೆ ಕಾಯಿಸಿದ ಕಬ್ಬಿಣದ ಮುದ್ರೆ, ಸವಾರನಿಗೆ ಮುಖಚಹರೆಯ ದಾಖಲೆ. ದಾಗ್ ಮತ್ತು ಚೆಹರಾ ಎನ್ನುತ್ತಿದ್ದ ಈ ಪದ್ಧತಿಯನ್ನು ಅಕ್ಬರ್ ಬಿಗಿ ಮಾಡಿದ. ಆದರೂ ಸೋರಿಕೆ ನಿಲ್ಲಲಿಲ್ಲ. ಶಾಹಜಹಾನನ ಕಾಲಕ್ಕೆ ದರ್ಬಾರೇ ಸೋತು, ಜಾಗೀರು ಇರುವ ಸೀಮೆಯಲ್ಲೇ ಕೆಲಸ ಮಾಡುವವನು ಹೇಳಿದ ಸಂಖ್ಯೆಯ ಮೂರನೇ ಒಂದು, ಬೇರೆ ಸೀಮೆಗೆ ಹೋದವನು ನಾಲ್ಕನೇ ಒಂದು ಭಾಗ ತಂದರೆ ಸಾಕು ಎಂದು ನಿಯಮ ಮಾಡಿಬಿಟ್ಟಿತು. ಕಳ್ಳಲೆಕ್ಕವನ್ನು ತಡೆಯಲಾಗದೆ ಅದಕ್ಕೇ ಒಂದು ದರ ಗೊತ್ತುಮಾಡಿದ ಹಾಗಾಯಿತು.

ಈ ರೋಗಕ್ಕೆ ಇವತ್ತಿನ ಮದ್ದು ಬಹಳ ಪರಿಣಾಮಕಾರಿ. ನಮ್ಮ ಊರಿನ ಎಮ್ಮೆ, ಆಕಳ ಕಿವಿಯಲ್ಲಿ ಹಳದಿ ಬಿಲ್ಲೆ ನೋಡಿದ್ದೀರಿ. ಅದರ ಮೇಲೆ 12 ಅಂಕಿಯ ಸಂಖ್ಯೆ, ದೇಶದಲ್ಲೆಲ್ಲ ಆ ಸಂಖ್ಯೆ ಒಂದೇ ಪ್ರಾಣಿಗೆ. ಲಸಿಕೆ, ಕರು ಹಾಕಿದ್ದು, ಮಾಲೀಕ ಬದಲಾದದ್ದು ಎಲ್ಲ ಆ ಸಂಖ್ಯೆಗೆ ಜೋಡಣೆಯಾಗುತ್ತದೆ. ಒಂದೇ ಕುದುರೆ ಬೆಳಿಗ್ಗೆ ಒಬ್ಬನ ಸಾಲಿನಲ್ಲಿ, ಮಧ್ಯಾಹ್ನ ಇನ್ನೊಬ್ಬನ ಸಾಲಿನಲ್ಲಿ ನಿಂತರೆ ಎರಡನೆಯ ಸಲ ಸ್ಕ್ಯಾನ್ ಮಾಡುವಾಗಲೇ ಸಿಕ್ಕಿಬೀಳುತ್ತದೆ. ಸವಾರನಿಗೆ ಬೆರಳಚ್ಚಿನ ಹಾಜರಿ, ಸಂಬಳ ನೇರ ಬ್ಯಾಂಕ್ ಖಾತೆಗೆ. ನನಗೆ ಕೇಳಿದರೆ 1657ರ ದಂಡಿಗೆ ಡ್ರೋನಿಗಿಂತ, ಕ್ಯಾಮೆರಾಕ್ಕಿಂತ ಮೊದಲು ಕೊಡಬೇಕಾದ್ದು ಇದನ್ನು, ಮತ್ತು ಶಿಬಿರದ ಬಾಗಿಲಲ್ಲಿ ಒಂದು ಕಾಟಾವನ್ನು. ಬಾಯಿ ಎಷ್ಟು ಎಂದು ಗೊತ್ತಿಲ್ಲದೆ, ಒಳಬಂದ ಕಾಳು ಎಷ್ಟು ಎಂದು ತೂಗದೆ, ಮೇಲಿನ ಗುಣಾಕಾರವೆಲ್ಲ ಗಾಳಿಮಾತು. ತಪ್ಪು ಸಂಖ್ಯೆಯನ್ನು ಕಂಪ್ಯೂಟರು ಬಹಳ ಅಚ್ಚುಕಟ್ಟಾಗಿ ಗುಣಿಸಿಕೊಡುತ್ತದೆ.

ಇದನ್ನು ಜಾರಿಗೆ ತರಲು ಹೊರಟರೆ ಮೊದಲು ಅಡ್ಡ ಬರುವವರು ಮನ್ಸಬ್‌ದಾರರೇ ಆಗಿರುತ್ತಿದ್ದರು ಎನ್ನುವುದು ಬೇರೆ ಮಾತು.

ಮದ್ದಿನ ಗುಂಡಿ

ಎಲ್ಲಕ್ಕೂ ಕಂಪ್ಯೂಟರು ಬೇಕಿಲ್ಲ. ಬೀದರ್ ಅಷ್ಟು ಬೇಗ ಬಿದ್ದದ್ದಕ್ಕೆ ಕಾರಣ ಗೋದಾಮಿನ ಒಂದು ತಪ್ಪು. ಸುಮಾರು ಮೂವತ್ತು ವರ್ಷ ಆ ಕೋಟೆಯನ್ನು ಆಳಿದ್ದ ಸಿದ್ದಿ ಮರ್ಜಾನ್ ಬುರುಜಿನ ಮೇಲೆ ನಿಂತು ಕಾದಾಡುತ್ತಿದ್ದ. ಬುರುಜಿನ ಹಿಂದೆಯೇ ಗುಂಡಿ ತೋಡಿ ಮದ್ದು, ಕೈಬಾಂಬು ತುಂಬಿಟ್ಟಿದ್ದರು. ಕೈಗೆ ಹತ್ತಿರವಿರಲಿ ಎಂದು. 1657ರ ಮಾರ್ಚ್ 29ರಂದು ಮೊಘಲರು ಎಸೆದ ಅಗ್ನಿಬಾಣದ ಕಿಡಿ ಅದರೊಳಗೆ ಬಿತ್ತು. ಮರ್ಜಾನನಿಗೆ, ಅವನ ಮಕ್ಕಳಿಗೆ, ಸುತ್ತಲಿದ್ದವರಿಗೆ ತೀವ್ರ ಸುಟ್ಟ ಗಾಯಗಳಾದವು. ಆ ಗದ್ದಲದಲ್ಲೇ ಮೊಘಲರು ಒಳನುಗ್ಗಿದರು. ಗೆದ್ದವರ ಕೈಗೆ 12 ಲಕ್ಷ ರೂಪಾಯಿ ನಗದು, 8 ಲಕ್ಷದ ಮದ್ದು, ಸೀಸ, ಕಾಳು, 230 ಫಿರಂಗಿ ಸಿಕ್ಕವು. ಸಾಮಗ್ರಿಗೆ ಕೊರತೆಯಿರಲಿಲ್ಲ, ಇಟ್ಟ ಜಾಗ ತಪ್ಪಾಗಿತ್ತು.

ಇಂದು ಪಟಾಕಿ ಗೋದಾಮಿಗೂ ಕಲ್ಲುಕ್ವಾರಿಯ ಸಿಡಿಮದ್ದಿಗೂ 2008ರ ಸ್ಫೋಟಕ ನಿಯಮಗಳು ಅನ್ವಯಿಸುತ್ತವೆ. ಅವುಗಳ ತಿರುಳು ಸರಳ: ಎಷ್ಟು ಕಿಲೋ ಮದ್ದಿದೆಯೋ ಅದಕ್ಕೆ ತಕ್ಕ ಹಾಗೆ ಜನರಿಂದ, ರಸ್ತೆಯಿಂದ, ಇನ್ನೊಂದು ಮದ್ದಿನ ಕೋಣೆಯಿಂದ ಇಷ್ಟು ಮೀಟರ್ ದೂರವಿರಬೇಕು. ಒಂದು ಸಿಡಿದರೆ ಇನ್ನೊಂದಕ್ಕೆ ಹತ್ತಬಾರದು. ಕೆಲಸದ ಜಾಗದಲ್ಲಿ ಆ ಹೊತ್ತಿಗೆ ಬೇಕಾದಷ್ಟು ಮಾತ್ರ. ಸಿಡಿಯುವ ಮಾಲನ್ನು ಬೇರೆಯಿಡುವುದು, ಮೊದಲು ಹಾಳಾಗುವುದನ್ನು ಮೊದಲು ಬಳಸುವುದು, ಪ್ರತಿ ಕೋಣೆಯ ಆವಕ-ಜಾವಕ ಬರೆದಿಡುವುದು. ದೊಡ್ಡ ಗೋದಾಮಿನಲ್ಲಿ ಸಾಫ್ಟ್‌ವೇರ್ ಇದನ್ನು ನೆನಪಿಸುತ್ತದೆ, ಮರ್ಜಾನನಿಗೆ ಗೋಡೆಯ ಮೇಲೊಂದು ಬೋರ್ಡು ಸಾಕಿತ್ತು.

ಕಲ್ಯಾಣದ ಕಂದಕದ್ದು ಇದರ ಮಗ್ಗುಲಿನ ಕಥೆ. ದಾಟಲು ಕಂದಕ ತುಂಬಬೇಕು. ಬೇಗ ಆಗಲೆಂದು ಮೊಘಲರು ಒಣಹುಲ್ಲು, ಕಟ್ಟಿಗೆ ತುಂಬಿದರು. ಒಳಗಿನವರು ಮೇಲಿನಿಂದ ಉರಿಯುವ ಹುಲ್ಲು, ಮದ್ದು ಸುರಿದು ಅದನ್ನು ಸುಟ್ಟರು. ಮತ್ತೆ ಕಲ್ಲು ಮಣ್ಣು ಹೊತ್ತು ಮೊದಲಿನಿಂದ ಶುರು. ಕಂದಕ 10 ಮೀಟರ್ ಅಗಲ, 6 ಮೀಟರ್ ಆಳ, ದಾಟುವ ದಾರಿ 8 ಮೀಟರ್ ಎಂದು ಊಹಿಸಿದರೆ 480 ಘನ ಮೀಟರ್. ಮಣ್ಣು ಘನ ಮೀಟರಿಗೆ 1.6 ಟನ್ ಹಿಡಿದರೆ 768 ಟನ್, ಇಪ್ಪತ್ತು ಕಿಲೋದ ಬುಟ್ಟಿಯಲ್ಲಿ 38,400 ಬುಟ್ಟಿ, ಅಷ್ಟೂ ಗುಂಡಿನ ಮಳೆಯಲ್ಲಿ. ಇವತ್ತಿನ ಟಿಪ್ಪರಿಗೆ ಐವತ್ತು ಟ್ರಿಪ್ಪು ಕೂಡ ಇಲ್ಲ. ಗುತ್ತಿಗೆದಾರರು ಬಳಸುವ ಯೋಜನಾಪಟ್ಟಿ ಇಲ್ಲಿ ಹೇಳುತ್ತಿದ್ದದ್ದು ಒಂದೇ: ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡವಾಗುತ್ತದೋ ಅದರಲ್ಲಿ ಅಗ್ಗದ ಸಾಮಾನು ಹಾಕಬೇಡ.

ರಾಜೇಶ್ವರದ ದಾರಿ

ಇದೇ ನೆಲದ ಮೇಲೆ 1948ರ ಸೆಪ್ಟೆಂಬರಿನಲ್ಲಿ ಇನ್ನೊಂದು ದಂಡು ನಡೆಯಿತು. 13ರಂದು ಸೊಲ್ಲಾಪುರದಿಂದ ನಿಜಾಮನ ಹೈದರಾಬಾದ್ ಸಂಸ್ಥಾನದ ಮೇಲೆ ಹೊರಟ ಭಾರತೀಯ ಸೇನೆ, ಸ್ಫೋಟಿಸಲು ಸಿದ್ಧವಾಗಿದ್ದ ನಳದುರ್ಗದ ಸೇತುವೆಯನ್ನು ಅದು ಸಿಡಿಯುವ ಮೊದಲೇ ಹಿಡಿದು, 14ರಂದು ಉಮರ್ಗಾದಿಂದ ನಮ್ಮ ರಾಜೇಶ್ವರಕ್ಕೆ ಬಂತು. ದಾರಿಯಲ್ಲಿ ಹೊಂಚು ಹಾಕಿದ ಜಾಗಗಳನ್ನು ವಿಮಾನದಿಂದ ಮೊದಲೇ ನೋಡಿಕೊಂಡು, ಟೆಂಪೆಸ್ಟ್ ವಿಮಾನಗಳು ಬಾಂಬು ಹಾಕಿ ದಾರಿ ಬಿಡಿಸಿದ್ದವು. 17ಕ್ಕೆ ಬೀದರ್ ಸೇನೆಯ ವಶದಲ್ಲಿತ್ತು. ಔರಂಗಜೇಬನ ದಂಡಿಗೆ ಬೀದರಿನಿಂದ ಕಲ್ಯಾಣಕ್ಕೆ ಬರಲು ಹಿಡಿದ ಒಂದು ವಾರದೊಳಗೆ ಇಡೀ ಕಾರ್ಯಾಚರಣೆ ಮುಗಿದಿತ್ತು. ಟ್ರಕ್ಕು, ವೈರ್‌ಲೆಸ್, ವಿಮಾನ, ರಸ್ತೆ ಕೂಡಿದರೆ ಮೊದಲ ರಾಶಿಯ ತೊಡಕುಗಳು ಎಷ್ಟು ಕರಗುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಎದುರಿಗಿದ್ದ ನಿಜಾಮನ ದಂಡು ದುರ್ಬಲವಾಗಿತ್ತು ಎಂಬುದನ್ನೂ ಸೇರಿಸಿಯೇ ಓದಬೇಕು.

ಎದುರಾಳಿಯ ಕೈಯಲ್ಲೂ ಫೋನು

ಇನ್ನು ಎರಡನೆಯ ರಾಶಿ. ಔರಂಗಜೇಬನಿಗೆ ಫೋನ್ ಕೊಟ್ಟರೆ ದಿಲಾವರನಿಗೂ ಕೊಡಬೇಕಲ್ಲ. ಕೋಟೆಯೊಳಗೆ ಎಷ್ಟು ದಿನದ ಕಾಳಿದೆ ಎಂದು ಅವನ ಸಾಫ್ಟ್‌ವೇರ್ ಹೇಳುತ್ತಿತ್ತು, ಹೊರಗಿನ ಬಿಜಾಪುರದ ದಂಡಿನ ಜೊತೆ ಅವನು ನಿತ್ಯ ಮಾತಾಡುತ್ತಿದ್ದ. ಮುತ್ತಿಗೆಯ ದೊಡ್ಡ ಆಯುಧ ಒಳಗಿನವರನ್ನು ಹೊರಗಿನ ಸುದ್ದಿಯಿಂದ ಕತ್ತರಿಸುವುದು, ಅದೇ ಮೊಂಡಾಗುತ್ತಿತ್ತು. ದಾಲ್‌ಮಿಲ್ಲಿನವನಿಗೆ ಪೈಪೋಟಿಯವರಿದ್ದಾರೆ, ಆದರೆ ಅವರು ರಾತ್ರಿ ಬಂದು ಇವನ ಲಾರಿಗೆ ಬೆಂಕಿ ಹಚ್ಚುವುದಿಲ್ಲ. ವ್ಯಾಪಾರದ ಸಾಫ್ಟ್‌ವೇರ್ ಬರೆದವರು ರಸ್ತೆ, ಮಳೆ, ಮರೆವು, ಸೋಮಾರಿತನ, ಸಣ್ಣ ಕಳ್ಳತನಗಳನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಅದನ್ನು ಕೆಡಿಸಲೆಂದೇ ಹಗಲಿರುಳು ಕುದುರೆಯ ಮೇಲೆ ಕೂತ ಮೂವತ್ತು ಸಾವಿರ ಜನರನ್ನಲ್ಲ.

ಲಾರಿಯನ್ನು ಮಾಲೀಕನಿಗೆ ತೋರಿಸುವ ಚುಕ್ಕೆ ಶತ್ರುವಿಗೂ ತೋರಿಸಬಲ್ಲದು. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟಗಾರರ ಆ್ಯಪ್ ಪ್ರಕಟಿಸಿದ್ದ ನಕ್ಷೆಯನ್ನು ನೋಡಿದವರಿಗೆ ಮರುಭೂಮಿಯ ನಡುವೆ ಹೊಳೆಯುವ ಗೆರೆಗಳು ಕಂಡವು. ವಿದೇಶಿ ಸೈನಿಕರು ತಮ್ಮ ನೆಲೆಯ ಸುತ್ತ ಬೆಳಗಿನ ಓಟ ಓಡಿದ ಜಾಡು ಅದು. ಕಾರ್ನ್‌ವಾಲಿಸನಿಗೆ ಬರುತ್ತಿದ್ದ ಕಾಗದ ಟಿಪ್ಪುವಿನ ಕೈಗೆ ಸಿಕ್ಕಂತೆ, ಇವರ ನೆಲೆಗಳ ನಕ್ಷೆ ಇಡೀ ಜಗತ್ತಿನ ಕೈಗೆ ಸಿಕ್ಕಿತು, ಅದೂ ಯಾರೂ ಹಿಡಿಯದೆ.

ಯಾವ ಪರದೆಯ ಮೇಲೂ ಕಾಣದ ಒಂದು ಲೆಕ್ಕ ಇನ್ನೂ ಇದೆ. ಶಾಹಜಹಾನನ ಕಾಲದ ಬಿಜಾಪುರದ ದಂಡಯಾತ್ರೆಗೆ ಅಸಫ್ ಖಾನನ ಜೊತೆ ಬಂದ ತಮ್ಮ ನಾಯಕರಿಗೆ ತಾಮ್ರಪಟ ಸಿಕ್ಕಿತ್ತು, ಬೇಕಾದಾಗ ಮನೆಗಳ ಹಂಡೆಯ ನೀರು, ಚಾವಣಿಯ ಹುಲ್ಲು ತೆಗೆದುಕೊಳ್ಳುವ ಹಕ್ಕು ಅದರಲ್ಲಿತ್ತು ಎಂಬುದು ಬಂಜಾರರಲ್ಲಿ ಉಳಿದುಬಂದ ಕಥೆ. ಕಥೆಯೇ ಇರಲಿ, ಅದರೊಳಗಿನ ವ್ಯವಹಾರ ನಿಜ. ದಂಡಿಗೂ ಸಾಗಾಣಿಕೆಯವರಿಗೂ ನಡುವಿನ ಗುತ್ತಿಗೆಯ ಬಾಕಿಯನ್ನು ಮೂರನೆಯವನು, ತನ್ನ ಗುಡಿಸಲ ಹುಲ್ಲಿನಿಂದ, ತೀರಿಸುತ್ತಿದ್ದ. ದಿನಕ್ಕೆ 150 ಟನ್ ಮೇವೆಂದರೆ ಕಲ್ಯಾಣದ ಸುತ್ತಲ ಹಳ್ಳಿಗಳ ಎತ್ತುಗಳ ಮುಂದಿನ ಹಂಗಾಮಿನ ಮೇವು. ಉತ್ತಮ ಸಾಫ್ಟ್‌ವೇರ್ ಆ ಮೇವನ್ನು ಇನ್ನಷ್ಟು ಬೇಗ, ಇನ್ನಷ್ಟು ಅಚ್ಚುಕಟ್ಟಾಗಿ ಹುಡುಕಿ ಎತ್ತಿಸುತ್ತಿತ್ತು.

ಕೊನೆಗೆ ಕಲ್ಯಾಣದ ಬುರುಜು ಜುಲೈ 29ರಂದು ಮೊಘಲರ ಕೈಗೆ ಬಂತು, ಆಗಸ್ಟ್ 1ರಂದು ದಿಲಾವರ್ ಕೀಲಿಕೈ ಒಪ್ಪಿಸಿ ಬಿಜಾಪುರಕ್ಕೆ ಹೋದ. ಇನ್ನೇನು ಮುಂದೆ ನಡೆಯಬೇಕೆನ್ನುವಾಗ ಯುದ್ಧ ನಿಲ್ಲಿಸು ಎಂಬ ಆಜ್ಞೆ ಶಾಹಜಹಾನನಿಂದ ಬಂತು. ಆದಿಲ್‌ಶಾಹಿಯ ವಕೀಲರು ಬಾದಶಹನ ಹಿರಿಯ ಮಗ ದಾರಾ ಶುಕೋಹನ ಮೂಲಕ ದರ್ಬಾರಿನಲ್ಲಿ ಕೆಲಸ ಮಾಡಿದ್ದರು. ಸೆಪ್ಟೆಂಬರಿನಲ್ಲಿ ಬಾದಶಹ ಕಾಯಿಲೆ ಬಿದ್ದ, ಅಣ್ಣತಮ್ಮಂದಿರ ಸಿಂಹಾಸನದ ಜಗಳ ಶುರುವಾಯಿತು, ಅಕ್ಟೋಬರಿನಲ್ಲಿ ಔರಂಗಜೇಬ ಕಲ್ಯಾಣ ಬಿಟ್ಟು ಹೊರಟ. ಒಪ್ಪಂದದ ಪ್ರಕಾರ ಮೊಘಲರಿಗೆ ಬರಬೇಕಾದ್ದು ಒಂದು ಕೋಟಿ ರೂಪಾಯಿ ಮತ್ತು ಮೂರು ಕೋಟೆ: ಬೀದರ್, ಕಲ್ಯಾಣ, ಪರಂಡಾ. ಮೊದಲಿನೆರಡು ಹೇಗೂ ಕೈಯಲ್ಲಿದ್ದವು. ಪರಂಡಾದ ಬಾಕಿ ತೀರಿದ್ದು ಮೂರು ವರ್ಷದ ಮೇಲೆ, 1660ರಲ್ಲಿ, ಕೋಟೆಯ ಅಧಿಕಾರಿಗೆ ಲಂಚ ಕೊಟ್ಟು.